ಮುಂಗಡ ನಿಮ್ಮ ದುಡ್ಡಲ್ಲ: ಬಾಡಿಗೆ ಮನೆ ಪ್ರಶ್ನೋತ್ತರ

ಹನುಮಂತನಗರದಲ್ಲಿ ಮೂವತ್ತು–ನಲವತ್ತರ ನಿವೇಶನದ ಮೇಲೆ ನಮ್ಮದೊಂದು ಮೂರಂತಸ್ತಿನ ಮನೆ ಇದೆ. ಕೆಳಗೆ ನಾವು, ಮೇಲಿನ ಎರಡೂ ಬಾಡಿಗೆಗೆ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಊರಿನವರ ಮನೆಸಾಲದ ಕಡತ ನೋಡಿ ಕಲಿತದ್ದು ಅರ್ಧ ವಿದ್ಯೆ. ಮೇಲಿನವರ ಬಚ್ಚಲು ಸೋರಿ ನಮ್ಮ ದೇವರ ಮನೆಯ ಗೋಡೆ ಉಬ್ಬಿದಾಗ ಕಲಿತದ್ದು ಇನ್ನರ್ಧ. ಈ ಸಲ ಏಳು ಪತ್ರ ಆರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಏಳೂ ಜನ ಕೇಳಿದ್ದಾರೆ. ಬಾಡಿಗೆದಾರರು ಓದಿಬಿಟ್ಟಾರು ಎಂಬ ಅಂಜಿಕೆ ಇರಬೇಕು. ಓದಲಿ ಬಿಡಿ.

ಮೂರು ವರ್ಷ ಇದ್ದ ಬಾಡಿಗೆದಾರರು ಹೋದ ತಿಂಗಳು ಖಾಲಿ ಮಾಡಿದರು. ಬಾಡಿಗೆ 20,000, ಮುಂಗಡ 2 ಲಕ್ಷ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ, ಮೊಳೆ ತೂತು ಮತ್ತು ಅಡುಗೆಮನೆಯ ಎಣ್ಣೆ ಜಿಡ್ಡಿಗೆ 8,000 ಹಿಡಿದುಕೊಂಡೆ. ಉಳಿದದ್ದನ್ನು ಹೊಸಬರು ಮುಂಗಡ ಕೊಟ್ಟ ಮೇಲೆ ಕೊಡುತ್ತೇನೆ ಎಂದರೆ ದಿನ ಬಿಟ್ಟು ದಿನ ಬಂದು ವರಾಂಡದಲ್ಲಿ ಕೂರುತ್ತಾರೆ. ನನ್ನದೇನು ತಪ್ಪು? — ವಿಜಯನಗರ, ಬೆಂಗಳೂರು

ಅವರು ಕೂರುವುದರಲ್ಲಿ ತಪ್ಪಿಲ್ಲ. ಅವರಿಗೆ ಕಾಫಿಯನ್ನಾದರೂ ಕೊಟ್ಟಿರಾ?

ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಕರಾರಿನಲ್ಲಿ ಬರೆದಿದ್ದರೆ ಹಿಡಿದುಕೊಳ್ಳಿ, ಅದು ಬೆಂಗಳೂರಿನ ರೂಢಿ. ಆದರೆ ಮೊಳೆ ತೂತಿಗೂ ಜಿಡ್ಡಿಗೂ ಮತ್ತೆ 8,000 ಯಾಕೆ? ಬಣ್ಣ ಬಳಿಯುವವನು ತೂತಿಗೆ ಪುಟ್ಟಿ ಮೆತ್ತಿಯೇ ಬಳಿಯುತ್ತಾನೆ. ಒಂದೇ ಗೋಡೆಗೆ ಎರಡು ಸಲ ವಸೂಲಿ ಮಾಡಿದಂತಾಯಿತು. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎಂದು ಹೇಳುವ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ, ಬಳಕೆಯಿಂದಾಗುವ ಸಹಜ ಸವಕಳಿಯನ್ನು ಅದರಿಂದ ಹೊರಗಿಟ್ಟಿದೆ. ಮೂರು ವರ್ಷ ಒಗ್ಗರಣೆ ಹಾಕಿದ ಮನೆಯ ಗೋಡೆಗೆ ಜಿಡ್ಡು ಹಿಡಿಯುವುದು ಸವಕಳಿ. ಗ್ರಾನೈಟ್ ಕಟ್ಟೆಯ ಮೇಲೆ ತೆಂಗಿನಕಾಯಿ ಒಡೆದು ಸೀಳು ಬಿಟ್ಟಿದ್ದರೆ ಅದು ಹಾನಿ. ಅದಕ್ಕೆ ರಸೀದಿ ತೋರಿಸಿ ಹಣ ಹಿಡಿಯಬಹುದು.

ಇನ್ನು ಹೊಸಬರು ಕೊಟ್ಟ ಮೇಲೆ ಹಳಬರಿಗೆ ಕೊಡುವ ಪದ್ಧತಿ. ಇದನ್ನು ನಾನೂ ಮಾಡಿದ್ದೇನೆ, ಆದ್ದರಿಂದ ನಿಮ್ಮನ್ನು ಬೈಯುವ ಹಕ್ಕು ನನಗಿದೆ. 2009ರಲ್ಲಿ ಮಗಳ ಮದುವೆಗೆ ಛತ್ರದ ಬಾಕಿ ಕಟ್ಟಲು ಮೊದಲ ಮಹಡಿಯವರ ಮುಂಗಡಕ್ಕೆ ಕೈ ಹಾಕಿದ್ದೆ. ಗಂಡ ಹೆಂಡತಿ ಇಬ್ಬರೂ ಮೇಷ್ಟರು. ಎಂಟು ತಿಂಗಳಲ್ಲಿ ಅವರಿಗೆ ವರ್ಗವಾಯಿತು, ಎರಡು ತಿಂಗಳು ಮೊದಲೇ ಹೇಳಿದರು. ನನ್ನ ಕೈ ಬರಿದಾಗಿತ್ತು. ಕೊನೆಗೆ ನಾನು ಕೆಲಸ ಮಾಡುತ್ತಿದ್ದ ಶಾಖೆಯಲ್ಲೇ, ದಿನವೂ ಬೇರೆಯವರ ಒಡವೆ ತೂಗಿಸುತ್ತಿದ್ದ ತಕ್ಕಡಿಯ ಮೇಲೆಯೇ ನನ್ನ ನಾಲ್ಕು ಬಳೆ ಇಟ್ಟೆ. ಚಿನ್ನ ಪರೀಕ್ಷಿಸುವ ಆಚಾರರು ಕನ್ನಡಕದ ಮೇಲಿನಿಂದ ಒಮ್ಮೆ ನನ್ನ ಕಡೆ ನೋಡಿ, ಏನೂ ಕೇಳದೆ ಒರೆಗಲ್ಲಿಗೆ ಉಜ್ಜಿದರು. ಅವರು ಕೇಳಿದ್ದರೇ ಚೆನ್ನಾಗಿತ್ತು. ಅಂದಿನಿಂದ ಮುಂಗಡ ಬಂದ ದಿನವೇ ನಿಶ್ಚಿತ ಠೇವಣಿಗೆ ಹೋಗುತ್ತದೆ. ಬಡ್ಡಿ ನನ್ನದು, ಅಸಲು ಅವರದು.

ನಿಮ್ಮ ಬಾಡಿಗೆದಾರರು ಈಗ ಇನ್ನೊಂದು ಮನೆಗೆ ಮುಂಗಡ ಕೊಟ್ಟಿರುತ್ತಾರೆ, ಬಹುಶಃ ಸಾಲ ಮಾಡಿ. 1,80,000 ಈ ವಾರವೇ ಕೊಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಮುಂಗಡ ಸಾಕು ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ಒಪ್ಪಿ ಕಾನೂನು ಮಾಡಿದರಷ್ಟೇ ಜಾರಿ. ನಮ್ಮ ಹತ್ತು ತಿಂಗಳ ಚಟ ಹಾಗೆಯೇ ಮುಂದುವರಿದಿದೆ.

ನಾಲ್ಕು ತಿಂಗಳಿಂದ ಬಾಡಿಗೆ ಬಂದಿಲ್ಲ. ತಿಂಗಳಿಗೆ 18,000. ಫೋನ್ ಎತ್ತುವುದಿಲ್ಲ. ಕರೆಂಟು ತೆಗೆಸಿ, ಅವರು ಹೊರಗೆ ಹೋದಾಗ ಬೇರೆ ಬೀಗ ಜಡಿಯಿರಿ ಎಂದು ಭಾವ ಹೇಳುತ್ತಾರೆ. — ಆರ್.ಟಿ. ನಗರ, ಬೆಂಗಳೂರು

ಠಾಣೆಗೆ ಹೋಗಬೇಕಾಗಿ ಬಂದಾಗ ಭಾವ ಜೊತೆಗೆ ಬರುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಬೀಗ ಜಡಿದ ಕ್ಷಣದಿಂದ ಬಾಡಿಗೆ ಕೊಡದವನು ದೂರುದಾರನಾಗುತ್ತಾನೆ, ಬಾಡಿಗೆ ಬರಬೇಕಾದ ನೀವು ಆರೋಪಿಯಾಗುತ್ತೀರಿ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಇಂದು ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ನಿಮಗೆ ದಾರಿ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್. ಕರಾರಿನಲ್ಲಿ ಬೇರೆ ಅವಧಿ ಬರೆದಿರದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನಗಳ ಲಿಖಿತ ನೋಟಿಸು. ವಕೀಲರಿಂದ ಬರೆಸಿ ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಜೋಪಾನ ಮಾಡಿ. ಆಮೇಲೂ ಬಿಡದಿದ್ದರೆ ಸಿವಿಲ್ ನ್ಯಾಯಾಲಯ. ಒಂದು ಎಚ್ಚರ: ನೋಟಿಸಿನ ಅವಧಿ ಮುಗಿದ ನಂತರದ ತಿಂಗಳಿಗೆ ಬಾಡಿಗೆ ಎಂದು ಹಣ ಪಡೆದರೆ, ನೀವು ನೋಟಿಸನ್ನೇ ಕೈಬಿಟ್ಟಿರಿ ಎಂದು ಅವರು ವಾದಿಸಬಹುದು. ಹಣ ಬಂದರೆ ವಕೀಲರಿಗೆ ತಿಳಿಸಿಯೇ ಮುಟ್ಟಿ.

ಮುಂಗಡ ಇದೆಯಲ್ಲ, ಕಳೆದುಕೊಂಡು ಹೋಗಲಿ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಲೆಕ್ಕ ಹಾಕಿ: ರೂಢಿಯಂತೆ ಹತ್ತು ತಿಂಗಳ ಮುಂಗಡವಿದ್ದರೆ ಅದರಲ್ಲಿ ನಾಲ್ಕು ತಿಂಗಳದ್ದು ಈಗಾಗಲೇ ಹೋಯಿತು, ಉಳಿದ ಆರು, ದಾವೆ ಹೂಡಿ ಮೊದಲ ವಾಯಿದೆಗಳು ಕಳೆಯುವಷ್ಟರಲ್ಲಿ ಹೋಗುತ್ತದೆ. ಎರಡನೇ ತಿಂಗಳು ತಪ್ಪಿದಾಗಲೇ ಬರಹದಲ್ಲಿ ಕೇಳಬೇಕಿತ್ತು.

ಇಷ್ಟೆಲ್ಲದಕ್ಕೂ ಮೊದಲು ಒಮ್ಮೆ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಿ. 2020ರ ಲಾಕ್‌ಡೌನಿನಲ್ಲಿ ನಮ್ಮ ಎರಡನೇ ಮಹಡಿಯಲ್ಲಿದ್ದವರು ಮದುವೆ ಮನೆಗಳ ಅಡುಗೆಯವರು. ಐದು ತಿಂಗಳು ಬಾಡಿಗೆ ಇಲ್ಲ, ಫೋನೂ ಇಲ್ಲ. ಹೋಗಿ ನೋಡಿದರೆ ಕೊಪ್ಪರಿಗೆಗಳೆಲ್ಲ ನಡುಮನೆಯಲ್ಲಿ ಮಗುಚಿ ಬಿದ್ದಿದ್ದವು, ಅದರ ಮೇಲೆ ಮಗು ಕೂತು ಆನ್‌ಲೈನ್ ಪಾಠ ಕೇಳುತ್ತಿತ್ತು. ಮದುವೆಗಳು ಶುರುವಾದ ಮೇಲೆ ತಿಂಗಳಿಗೆ 3,000 ಹೆಚ್ಚುವರಿ ಸೇರಿಸಿ ತೀರಿಸುತ್ತೇನೆ ಎಂದು ಬರೆದುಕೊಟ್ಟರು, ಪೂರ್ತಿ ತೀರಿಸಿದರು. ಎಲ್ಲರೂ ಹಾಗಿರುವುದಿಲ್ಲ ಎಂದು ನನಗೂ ಗೊತ್ತು. ಯಾರು ಹೇಗೆಂದು ಫೋನಿನಲ್ಲಿ ತಿಳಿಯುವುದಿಲ್ಲ.

ಒಬ್ಬರೇ ಬಾಡಿಗೆದಾರರು ಹನ್ನೊಂದು ವರ್ಷದಿಂದ ಇದ್ದಾರೆ. ಹನ್ನೆರಡು ತುಂಬಿದರೆ ಮನೆ ಅವರದೇ ಆಗುತ್ತದಂತೆ, ಹೌದೇ? — ಕುವೆಂಪುನಗರ, ಮೈಸೂರು

ಇಲ್ಲ. ಹನ್ನೆರಡು ವರ್ಷದ ಮಾತು ಬರುವುದು 1963ರ ಕಾಲಮಿತಿ ಕಾಯ್ದೆಯಿಂದ. ಅದು, ‘ಈ ಸ್ವತ್ತು ನನ್ನದೇ’ ಎಂದು ಮಾಲೀಕನಿಗೆ ವಿರುದ್ಧವಾಗಿ, ಬಹಿರಂಗವಾಗಿ ಸ್ವತ್ತನ್ನು ಹಿಡಿದು ಕೂತವರ ವಿಷಯ. ತಿಂಗಳು ತಿಂಗಳು ನಿಮಗೆ ಬಾಡಿಗೆ ಕೊಡುವವರು ತಿಂಗಳು ತಿಂಗಳು ನಿಮ್ಮನ್ನು ಮಾಲೀಕರೆಂದು ಒಪ್ಪುತ್ತಿದ್ದಾರೆ. ಹನ್ನೊಂದು ತಿಂಗಳ ಕರಾರಿಗೂ ಈ ಹನ್ನೆರಡಕ್ಕೂ ಸಂಬಂಧವಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು, ಆ ಖರ್ಚು ತಪ್ಪಿಸಲು ಜನ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಕರಾರು ನವೀಕರಿಸಿ, ಬಾಡಿಗೆ ಬ್ಯಾಂಕ್ ಮೂಲಕವೇ ಬರಲಿ. ಹನ್ನೊಂದು ವರ್ಷ ಇದ್ದ ಬಾಡಿಗೆದಾರರನ್ನು ಯಾರದೋ ಮಾತಿಗೆ ಎಬ್ಬಿಸಿದರೆ ನಿಮ್ಮಂಥ ದಡ್ಡರಿಲ್ಲ.

ಮೂರು ಮನೆ, ಒಂದೇ ಮೀಟರ್, ಒಂದೇ ಸಂಪು. ಬಿಲ್ಲನ್ನು ಮೂರು ಪಾಲು ಮಾಡುತ್ತೇನೆ. ಕೆಳಗಿನ ಇಬ್ಬರು ವೃದ್ಧರು, ಮೇಲೆ ಐದು ಜನ ಮತ್ತು ವಾಷಿಂಗ್ ಮೆಷಿನ್. ಪ್ರತಿ ತಿಂಗಳೂ ಜಗಳ. — ಕೆಂಗೇರಿ ಉಪನಗರ, ಬೆಂಗಳೂರು

ವೃದ್ಧರು ಜಗಳ ಆಡುತ್ತಿರುವುದು ನ್ಯಾಯವಾಗಿಯೇ ಇದೆ. ಜಲಮಂಡಳಿಯ ದರ ಏಣಿಯಂತೆ: ಮೊದಲ 8,000 ಲೀಟರಿಗೆ ಒಂದು, 25,000ದವರೆಗೆ ಇನ್ನೊಂದು, ಅದರಾಚೆ ಇನ್ನೂ ಹೆಚ್ಚು. ಮೂರು ಮನೆಯ ಬಳಕೆ ಒಂದೇ ಮೀಟರಿನಲ್ಲಿ ಓಡಿದರೆ ಮಿತವಾಗಿ ಬಳಸುವವರೂ ಮೇಲಿನ ಮೆಟ್ಟಿಲಿನ ದರ ತೆರುತ್ತಾರೆ.

ನಾನು ಮಾಡಿದ್ದು ಹೇಳುತ್ತೇನೆ. ತಾರಸಿಯ ಮೇಲೆ ಮೂರು ಸಾವಿರ ಲೀಟರಿನ ಒಂದು ಟ್ಯಾಂಕ್ ಇತ್ತು. ತೆಗೆದು ಸಾವಿರ ಲೀಟರಿನ ಮೂರು ಟ್ಯಾಂಕ್ ಇಟ್ಟೆ, ಮೂರಕ್ಕೂ ಬೇರೆ ಬೇರೆ ಇಳಿ ಪೈಪು, ಪ್ರತಿ ಪೈಪಿಗೊಂದು ಚಿಕ್ಕ ಮೀಟರ್. ಒಂದನೇ ತಾರೀಖು ಮೂರೂ ಮನೆಯವರ ಎದುರಿಗೆ ಓದಿ, ಮೆಟ್ಟಿಲ ಬಳಿಯ ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ಜಗಳ ನಿಂತಿತು. ಅಚ್ಚರಿಯೆಂದರೆ ಮೊದಲ ತಿಂಗಳು ಅತಿ ಹೆಚ್ಚು ಬಂದದ್ದು ನಮ್ಮ ಮನೆಗೇ! ಕಮೋಡಿನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿತ್ತು. ನೀವೂ ನೋಡಿ: ರಾತ್ರಿ ಮಲಗುವ ಮುಂಚೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಡಿ. ಯಾರೂ ಬಳಸದೆ ಬೆಳಗ್ಗೆ ಕೆಳಗಿನ ನೀರು ನೀಲಿಯಾಗಿದ್ದರೆ ಒಳಗಿನ ರಬ್ಬರ್ ಹೋಗಿದೆ ಎಂದರ್ಥ.

ಬೇಸಿಗೆಯ ಟ್ಯಾಂಕರ್ ಖರ್ಚು ಯಾರದು ಎಂಬುದನ್ನು ಕರಾರಿನಲ್ಲೇ ಬರೆಯಿರಿ. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ 12,000 ಲೀಟರಿಗೆ, ಐದು ಕಿಲೋಮೀಟರಿನ ಒಳಗೆ, 1,000 ರೂಪಾಯಿ ಎಂದು ನಿಗದಿ ಮಾಡಿತ್ತು. ನಮ್ಮ ಬೀದಿಗೆ ಬಂದ ಚಾಲಕ ಆ ಆದೇಶವನ್ನು ಕೇಳಿ ನಕ್ಕ.

ಜಯನಗರದ ಫ್ಲಾಟು ನನ್ನ ಹೆಸರಲ್ಲಿದೆ, ಅಪ್ಪ ನೋಡಿಕೊಳ್ಳುತ್ತಾರೆ. ಬಾಡಿಗೆದಾರರು ಮೂರರಲ್ಲೊಂದು ಪಾಲು ತೆರಿಗೆ ಹಿಡಿಯಬೇಕು ಎನ್ನುತ್ತಾರೆ. ಬಾಡಿಗೆ 32,000 ಮಾತ್ರ. ಮೋಸವೇ? — ಡಬ್ಲಿನ್, ಐರ್ಲೆಂಡ್

ಮೋಸವಲ್ಲ, ನಿಮ್ಮ ಬಾಡಿಗೆದಾರರು ಅಪರೂಪದ ಪ್ರಾಮಾಣಿಕರು. ಮಾಲೀಕ ಇಲ್ಲೇ ಇದ್ದರೆ ಬಾಡಿಗೆ ತಿಂಗಳಿಗೆ 50,000 ದಾಟಿದಾಗ ಮಾತ್ರ ಮೂಲದಲ್ಲಿ ತೆರಿಗೆ, ಅದೂ 2024ರ ಅಕ್ಟೋಬರಿನಿಂದ ಶೇ 2. ಅನಿವಾಸಿಗೆ ಆ ಮಿತಿಯೇ ಇಲ್ಲ: ಶೇ 30, ಅದರ ಮೇಲೆ ಸೆಸ್. ಹಿಡಿದ ಹಣ ನಿಮ್ಮ ಪ್ಯಾನ್ ಲೆಕ್ಕದಲ್ಲಿರುತ್ತದೆ. ರಿಟರ್ನ್ ಸಲ್ಲಿಸಿ ಹೆಚ್ಚಿನದನ್ನು ಮರಳಿ ಪಡೆಯಿರಿ. ನೀವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದ ಬಾಡಿಗೆಯಲ್ಲಿ ಮತ್ತೆ ಶೇ 30 ವಿನಾಯಿತಿ ಇದೆ. ಕಡಿಮೆ ದರದಲ್ಲಿ ಹಿಡಿಯುವಂತೆ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು. ಬಾಡಿಗೆ ನಿಮ್ಮ ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಗಳು ಇಲ್ಲಿನ ಆದಾಯಕ್ಕೆಂದು ಇಡುವ ಬ್ಯಾಂಕ್ ಖಾತೆಗೆ, ಬರಲಿ.

ಅಪ್ಪನ ಸಹಿ ಯಾವ ಅಧಿಕಾರದಿಂದ ಎಂದು ನೀವು ಬರೆದಿಲ್ಲ. ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಿ; ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಜೊತೆಗೆ ಅಪ್ಪನಿಗೆ ಒಬ್ಬ ನಂಬಿಕಸ್ಥ ಕೊಳಾಯಿ ಕೆಲಸದವನ ನಂಬರೂ ಬೇಕು. ಎಪ್ಪತ್ತು ದಾಟಿದವರು ಗೀಸರ್ ಕೆಟ್ಟಿತೆಂದು ಎರಡು ಬಸ್ ಬದಲಿಸಿ ಓಡಾಡುವುದನ್ನು ನಾನು ಕಂಡಿದ್ದೇನೆ.

ಹೊಸ ಬಾಡಿಗೆದಾರರಿಗೆ ಗೃಹಜ್ಯೋತಿಯ ಉಚಿತ ಕರೆಂಟು ಸಿಗುತ್ತಿಲ್ಲ. ಹಳಬರ ಆಧಾರ್ ಜೋಡಣೆಯಾಗಿದೆಯಂತೆ. — ಮಹಾಲಕ್ಷ್ಮಿ ಬಡಾವಣೆ, ಬೆಂಗಳೂರು

ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಜೋಡಣೆ ರದ್ದು ಮಾಡುವ ಅವಕಾಶವಿದೆ, ಆದರೆ ಒಟಿಪಿ ಹೋಗುವುದು ಹಳಬರ ಮೊಬೈಲಿಗೆ. ಅವರನ್ನು ವಿನಯದಿಂದ ಕೇಳಿ. ಮುಂಗಡದ ವಿಷಯಕ್ಕೆ ಜಗಳವಾಡಿ ಕಳಿಸಿದ್ದರೆ ವಿನಯ ಸ್ವಲ್ಪ ಹೆಚ್ಚೇ ಬೇಕಾದೀತು. ನಾನೀಗ ಬೀಗದ ಕೈ ಪಡೆಯುವ ದಿನವೇ, ಮುಂಗಡದ ಚೆಕ್ ಮೇಜಿನ ಮೇಲಿಟ್ಟು, ಕರೆಂಟು ಸಂಪರ್ಕದ ಆರ್‌ಆರ್ ನಂಬರಿನಿಂದ ಅವರ ಆಧಾರ್ ಬಿಡಿಸಿಯೇ ಕಾಫಿಗೆ ಏಳುತ್ತೇನೆ.

ಮನೆ ಖಾಲಿ ಬಿದ್ದಿದೆ. ನೋಡಿದವರೆಲ್ಲ ಆಷಾಢ ಕಳೆಯಲಿ ಎನ್ನುತ್ತಾರೆ. ಬಾಡಿಗೆ ಎರಡು ಸಾವಿರ ಇಳಿಸಲೇ? — ಚಾಮರಾಜಪೇಟೆ, ಬೆಂಗಳೂರು

ಇಳಿಸಬೇಡಿ, ಒಮ್ಮೆ ಇಳಿದದ್ದು ವರ್ಷವಿಡೀ ಇಳಿದಂತೆ. ಆ ತಿಂಗಳಲ್ಲಿ ಬಣ್ಣ ಮುಗಿಸಿ, ಸಂಪು ತೊಳೆಸಿ. ಮುಂದಿನ ಸಲ ಜ್ಯೇಷ್ಠದಲ್ಲೇ ಮಾತಾದರೆ ನಾವು ಮಾಡಿದಂತೆ ಮಾಡಿ. ಹೋದ ವರ್ಷ ಬಂದವರು ಒಪ್ಪಿದ್ದು ಅಮಾವಾಸ್ಯೆಗೆ ಮೂರು ದಿನ ಇರುವಾಗ. ನಾಳೆಯೇ ಹಾಲು ಉಕ್ಕಿಸಿಬಿಡಿ, ಸಾಮಾನು ಯಾವಾಗ ಬೇಕಾದರೂ ತನ್ನಿ ಎಂದೆ. ಬೆಳಗ್ಗೆ ಆರಕ್ಕೆ ಅತ್ತೆ ಸೊಸೆ ಸಣ್ಣ ಸ್ಟೌವು, ಅರ್ಧ ಲೀಟರ್ ಹಾಲು, ಗಣಪತಿ ಫೋಟೊ ಹಿಡಿದು ಬಂದರು. ಹಾಲು ಪೂರ್ವಕ್ಕೇ ಉಕ್ಕಿತು. ಒರೆಸುವ ಬಟ್ಟೆ ಮಾತ್ರ ತಂದಿರಲಿಲ್ಲ, ಕೆಳಗಿನಿಂದ ನಾನು ಕೊಟ್ಟೆ. ಬಾಡಿಗೆ ಅಂದಿನಿಂದಲೇ ಶುರು.