25 ಕಿ.ಮೀ. ವೇಗದ ಎಲೆಕ್ಟ್ರಿಕ್ ಸ್ಕೂಟರ್‌ಗೆ ಬೆಂಗಳೂರಲ್ಲಿ ಲೈಸೆನ್ಸ್ ಬೇಕಾ?

ಬೇಡ. ಆದರೆ ಗಾಡಿ ನಿಜವಾಗಿಯೂ ಆ ವರ್ಗಕ್ಕೆ ಸೇರಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ದಾಟಬಾರದು. ಇಂಥ ಗಾಡಿಗೆ ನೋಂದಣಿಯೂ ಬೇಕಿಲ್ಲ. ಕೊಳ್ಳುವಾಗ ಅಂಗಡಿಯವರ ಮಾತು ಸಾಲದು, ಗಾಡಿ ಈ ವರ್ಗಕ್ಕೆ ಸೇರಿದ್ದು ಅಂತ ಪರೀಕ್ಷಾ ಸಂಸ್ಥೆ ಕೊಟ್ಟ ಮಾನ್ಯತಾ ಪತ್ರ ಕೇಳಿ ನೋಡಿ.

ಆಮೇಲೆ ವೇಗದ ಮಿತಿ ತೆಗೆಸಿದರೆ ಕಥೆಯೇ ಬೇರೆ. ಆಗ ಅದು ಮಾಮೂಲಿ ಮೋಟಾರು ವಾಹನ. ಲೈಸೆನ್ಸ್, ನೋಂದಣಿ, ಇನ್ಶೂರೆನ್ಸ್, ಹಸಿರು ನಂಬರ್ ಪ್ಲೇಟ್ ಎಲ್ಲವೂ ಬೇಕು. ಇದ್ಯಾವುದೂ ಇಲ್ಲದೆ ಯಾರಿಗಾದರೂ ಗುದ್ದಿದರೆ ಪರಿಹಾರದ ದುಡ್ಡು ನಿಮ್ಮ ಜೇಬಿಂದಲೇ ಹೋಗಬಹುದು. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ.

ಲೈಸೆನ್ಸ್ ಬೇಡ ಅಂತ ಮಕ್ಕಳ ಕೈಗೆ ಕೀ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಹೊರ ವರ್ತುಲ ರಸ್ತೆಯಲ್ಲಿ ಬಸ್ಸು, ಲಾರಿಗಳ ನಡುವೆ 25ರಲ್ಲಿ ಹೋಗುವುದೇ ಅಪಾಯ. ಬಡಾವಣೆಯ ಒಳರಸ್ತೆಗಳೇ ಇದಕ್ಕೆ ಸರಿ. ಅಲ್ಲೂ ಫುಟ್‌ಪಾತ್ ಹತ್ತಿಸಬೇಡಿ. ಸದ್ದಿಲ್ಲದ ಗಾಡಿ ಹಿಂದಿನಿಂದ ಬಂದರೆ ವಯಸ್ಸಾದವರಿಗೆ ಗೊತ್ತಾಗುವುದಿಲ್ಲ ಅಲ್ವಾ? ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿಯನ್ನೂ ಬಿಗಿದುಕೊಳ್ಳಿ.

ಚಾರ್ಜಿಂಗ್‌ಗೆ ಕಂಪನಿಯ ಚಾರ್ಜರನ್ನೇ ಬಳಸಿ. ಓಡಿಸಿ ಬಂದ ತಕ್ಷಣ ಬೇಡ, ಬ್ಯಾಟರಿ ತಣ್ಣಗಾಗಲಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಮೆಟ್ಟಿಲ ಬಳಿ ಮಾತ್ರ ಚಾರ್ಜಿಗೆ ಹಾಕಬೇಡಿ. ಬೆಂಕಿ ಹತ್ತಿದರೆ ಎಲ್ಲರೂ ಇಳಿದು ಓಡಬೇಕಾದ ದಾರಿ ಅದು.