ಜಪಾನಿನ ಟೆನ್ಮೊಕು, ನುಕಾ, ಶಿನೊ ಗ್ಲೇಜ್‌ಗಳು ಕರೆಂಟ್ ಕಿಲ್ನ್‌ನಲ್ಲಿ 1220 ಡಿಗ್ರಿಗೆ ಬರುತ್ತವೆಯೇ?

ನಿಮ್ಮದು ಕರೆಂಟ್ ಕಿಲ್ನ್, ಅಂದರೆ ಕರೆಂಟಿನಿಂದ ಮಡಕೆ ಸುಡುವ ಗೂಡು. ಕೋನ್ (ಶಾಖಕ್ಕೆ ಬಾಗಿ ಸುಟ್ಟ ಮಟ್ಟ ತೋರಿಸುವ ಪುಟ್ಟ ಶಂಕು) 6ರ ತನಕ ಹೋಗುತ್ತದೆ, ಅಂದರೆ ಸುಮಾರು 1220 ಡಿಗ್ರಿ. ಸಿಕ್ಕಿರುವ ಜಪಾನಿ ಗ್ಲೇಜ್ (ಮಡಕೆಗೆ ಬಳಿಯುವ ಗಾಜಿನಂಥ ಲೇಪ) ಅಳತೆಗಳೆಲ್ಲ ಇನ್ನೂ ಹೆಚ್ಚು ಶಾಖದ ಕೋನ್ 10ಕ್ಕೆ, ಅದೂ ರಿಡಕ್ಷನ್‌ಗೆ, ಅಂದರೆ ಗಾಳಿ ಕಡಿಮೆ ಕೊಟ್ಟು ಸುಡುವುದಕ್ಕೆ. ಬೋರಾನ್ ಇರುವ ಫ್ರಿಟ್ (ಬೇಗ ಕರಗಲೆಂದು ಹಾಕುವ ಗಾಜಿನ ಪುಡಿ) ಸ್ವಲ್ಪ ಸೇರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಕೆಲವಕ್ಕೆ ಸಾಕು. ಕೆಲವಕ್ಕೆ ಎಷ್ಟು ಸುರಿದರೂ ಸಾಲದು. ಇದನ್ನು ನಾನು ಕಿಲ್ನ್ ಶೆಲ್ಫ್ ಹಾಳು ಮಾಡಿಕೊಂಡೇ ಕಲಿತದ್ದು.

ಸುಲಭದ್ದು ಓರಿಬೆ ಹಸಿರು. ಫುರುತಾ ಓರಿಬೆ (1544–1615) ಎಂಬ ಚಹಾ ಗುರುವಿನ ಹೆಸರು ಇದಕ್ಕೆ. ಬಣ್ಣ ತಾಮ್ರದ್ದು, ಆ ಹಸಿರಿಗೆ ಗಾಳಿ ಬೇಕು. ನಿಮ್ಮ ಕಿಲ್ನ್‌ನಲ್ಲಿ ಗಾಳಿಗೇನೂ ಕೊರತೆಯಿಲ್ಲ, ಶಾಖದ ಕೊರತೆಯನ್ನು ಫ್ರಿಟ್ ತುಂಬುತ್ತದೆ. ಆದರೆ ಅಂಥ ಬಟ್ಟಲಲ್ಲಿ ಸಾರು, ಉಪ್ಪಿನಕಾಯಿ, ಹುಣಸೆ ಗೊಜ್ಜು ಇಡಬೇಡಿ. ಹುಳಿಗೆ ತಾಮ್ರ ಬಿಟ್ಟುಕೊಳ್ಳಬಹುದು.

ಟೆನ್ಮೊಕು ಎಂಬ ಕಪ್ಪು ಗ್ಲೇಜ್ ಸುಲಭ ಅನ್ನಿಸುತ್ತದೆ, ಅಲ್ಲೇ ಮೋಸ ಹೋಗುವುದು. ಇದರಲ್ಲಿ ನೂರಕ್ಕೆ 8–10 ಪಾಲು ಕಬ್ಬಿಣದ ಆಕ್ಸೈಡ್ ಇರುತ್ತದೆ. ಕಿಲ್ನ್‌ಗೆ ಗಾಳಿ ಕಡಿಮೆ ಕೊಟ್ಟು ಸುಟ್ಟಾಗ ಈ ಕೆಂಪು ಕಬ್ಬಿಣ ಆಮ್ಲಜನಕ ಕಳೆದುಕೊಂಡು ಬೇರೆ ರೂಪಕ್ಕೆ ತಿರುಗುತ್ತದೆ. ಆ ರೂಪದಲ್ಲಿ ಅದು ಬರೀ ಬಣ್ಣ ಕೊಡುವುದಿಲ್ಲ, ಗ್ಲೇಜನ್ನು ಕರಗಿಸಲು ಕೈಜೋಡಿಸುತ್ತದೆ. ಗಾಳಿ ತುಂಬಿದ ಕಿಲ್ನ್‌ನಲ್ಲೂ ಈ ಬದಲಾವಣೆ ಆಗುತ್ತದೆ, ಆದರೆ ಸುಮಾರು 1230 ದಾಟಿದ ಮೇಲೆ. ನೀವು ಅದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸುತ್ತೀರಿ! ಹಾಗಾಗಿ ಶಾಖವೂ ಹೋಯಿತು, ಕಬ್ಬಿಣದ ಸಹಾಯವೂ ಹೋಯಿತು. ಸಿಲಿಕಾ ಸ್ವಲ್ಪ ಇಳಿಸಿ, ಫೆಲ್ಡ್‌ಸ್ಪಾರ್‌ನ (ಗ್ಲೇಜ್‌ಗೆ ಹಾಕುವ ಒಂದು ಖನಿಜದ ಪುಡಿ) ಒಂದು ಪಾಲು ತೆಗೆದು ಅಲ್ಲಿಗೆ ಫ್ರಿಟ್ ಹಾಕಿ.

ಇಷ್ಟು ಮಾಡಿದರೂ ನನ್ನದು ಶೂ ಪಾಲಿಶ್ ಥರ ಚಪ್ಪಟೆ ಕಪ್ಪಾಗಿ ಬರುತ್ತಿತ್ತು. ತಪ್ಪು ಅಳತೆಯಲ್ಲಿ ಇರಲಿಲ್ಲ, ತಣಿಯುವ ವೇಗದಲ್ಲಿತ್ತು. ಸೌದೆಯ ದೊಡ್ಡ ಗೂಡು ಆರಲು ದಿನಗಳೇ ಬೇಕು. ನಮ್ಮ ಪುಟ್ಟ ಕಿಲ್ನ್ ಸ್ವಿಚ್ ಆರಿಸಿದ ಕೂಡಲೇ ದಬದಬನೆ ಇಳಿಯುತ್ತದೆ, ಮೇಲ್ಮೈಯಲ್ಲಿ ಕಬ್ಬಿಣದ ಹರಳು ಬೆಳೆಯಲು ಪುರುಸೊತ್ತೇ ಇಲ್ಲ. ಈಗ ನಾನು 1040ರಿಂದ 820ರ ತನಕ ಗಂಟೆಗೆ 30 ಡಿಗ್ರಿಯಂತೆ ಇಳಿಸುತ್ತೇನೆ. ಏಳೆಂಟು ಗಂಟೆ ಜಾಸ್ತಿ ಹಿಡಿಯುತ್ತದೆ, ಕರೆಂಟ್ ಬಿಲ್ಲೂ ಅಷ್ಟೇ. ಆದರೆ ಅಂಚುಗಳಲ್ಲಿ ತುಕ್ಕಿನ ಕೆಂಪು ಬಂದಿದೆ. ಜಪಾನಿನ ಮಶಿಕೊ ಊರಿನ ಕಾಕಿ ಗ್ಲೇಜ್‌ನ ಕೆಂಪು ಇದೇ ಜಾತಿಯದು. ಕಾಕಿ ಅಂದರೆ ಜಪಾನಿಯಲ್ಲಿ ಪರ್ಸಿಮನ್ ಹಣ್ಣು. 1924ರಲ್ಲಿ ಮಶಿಕೊಗೆ ಬಂದು ನೆಲೆಸಿದ ಕುಂಬಾರ ಹಮಾದಾ ಶೋಜಿ ಅಲ್ಲಿನ ಸ್ಥಳೀಯ ಕಲ್ಲನ್ನು ಪುಡಿ ಮಾಡಿ ಈ ಬಣ್ಣ ತೆಗೆಯುತ್ತಿದ್ದರು.

ನನಗೆ ತುಂಬಾ ಇಷ್ಟವಾದದ್ದು ನುಕಾ. ಹಾಲು ಚೆಲ್ಲಿದಂಥ ಬಿಳಿ. ನುಕಾ ಅಂದರೆ ತೌಡು, ಆದರೆ ಗ್ಲೇಜ್‌ಗೆ ಹಾಕುವುದು ಭತ್ತದ ಹೊಟ್ಟಿನ ಬೂದಿ. ಹೊಟ್ಟಿನ ಬೂದಿ, ಸೌದೆ ಬೂದಿ, ಫೆಲ್ಡ್‌ಸ್ಪಾರ್ ಹೆಚ್ಚುಕಡಿಮೆ ಸಮಪಾಲು, ಅಷ್ಟೇ. ಹೊಟ್ಟಿನ ಬೂದಿಗೆ ನಮ್ಮಲ್ಲೇನು ಬರ? ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಲ್ಲಿ ರಾಶಿ ಬಿದ್ದಿರುತ್ತದೆ. ಅಜ್ಜಿ ಪಾತ್ರೆ ತಿಕ್ಕುತ್ತಿದ್ದ ಬೂದಿಯೇ ಇದು. ಗಿರಣಿಯದು ಕರ್ರಗಿರುತ್ತದೆ, ಪೂರ್ತಿ ಸುಡದ ಇಂಗಾಲ ಅದು. ಬಿಸ್ಕ್ (ಗ್ಲೇಜ್ ಬಳಿಯುವ ಮುಂಚಿನ ಮೊದಲ ಸುಡುವಿಕೆ) ಸುಡುವಾಗ ಒಂದು ಮಣ್ಣಿನ ಬೋಗುಣಿಯಲ್ಲಿ ತೆಳ್ಳಗೆ ಹರಡಿ ಇಡಿ, ಬೆಳ್ಳಗಾಗುತ್ತದೆ. ಜರಡಿ ಹಿಡಿಯುವಾಗ ಮಾಸ್ಕ್ ಕಡ್ಡಾಯ, ಆ ಬೂದಿಯಲ್ಲಿ ನೂರಕ್ಕೆ 90ರಷ್ಟು ಸಿಲಿಕಾ. ಸೌದೆ ಬೂದಿಯ ನೀರು ಕೈ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ನುಕಾದ ತಂಟೆ ಹೀಗಿದೆ. ಅದರ ಬಿಳಿ ಬರುವುದು ಬಹುಪಾಲು ಪೂರ್ತಿ ಕರಗದೆ ಉಳಿದ ಸಿಲಿಕಾದಿಂದ. 1220ಕ್ಕೆ ಫ್ರಿಟ್ ಇಲ್ಲದೆ ಸುಟ್ಟರೆ ಸುಣ್ಣ ಬಳಿದ ಗೋಡೆಯ ಹಾಗೆ ಒಣಗಿ ಒರಟಾಗುತ್ತದೆ. ಫ್ರಿಟ್ ಜಾಸ್ತಿಯಾದರೆ ಸಿಲಿಕಾ ಕರಗಿ ಬಿಳಿಯೇ ಮಾಯ. ನಾನು ಒಮ್ಮೆಲೇ 25 ಪಾಲು ಹಾಕಿದ್ದೆ. ಗ್ಲೇಜ್ ಗಾಜಿನಂತಾಗಿ ಇಳಿದು ಮೂರು ಲೋಟ ಶೆಲ್ಫಿಗೆ ಅಂಟಿಕೊಂಡವು. ಉಳಿ ಹಿಡಿದು ಕೆತ್ತಿ ತೆಗೆದೆ, ಎರಡು ಒಡೆದವು. ಆಮೇಲೆ ಬುದ್ಧಿ ಬಂದು ಐದು ಟೈಲ್ ಮಾಡಿದೆ: ಫ್ರಿಟ್ 0, 5, 10, 15, 20. ಟೈಲ್ ನೆಟ್ಟಗೆ ನಿಲ್ಲಬೇಕು, ಇಲ್ಲದಿದ್ದರೆ ಹರಿಯುವುದು ಗೊತ್ತಾಗುವುದಿಲ್ಲ. ಕೆಳಗೆ ಒಂದೊಂದು ಬಿಸ್ಕ್ ತಟ್ಟೆ. ನನ್ನ ಬೂದಿಗೆ 10–15ರ ಮಧ್ಯೆ ಸರಿಹೋಯಿತು. ನಿಮ್ಮದು ಬೇರೆ ಬರುತ್ತದೆ. ಸರ್ವೆ ಮರದ ಬೂದಿಯೇ ಬೇರೆ, ಹುಣಸೆಯದೇ ಬೇರೆ. ಒಂದು ದೊಡ್ಡ ಬಕೆಟ್ ಬೂದಿ ಒಟ್ಟಿಗೆ ಕಲಸಿಟ್ಟುಕೊಳ್ಳಿ.

ಹಾಂ, ಕಂಟ್ರೋಲರ್ ತೋರಿಸುವ ಅಂಕಿಯನ್ನು ನಂಬಿಕೊಂಡು ಕೂರಬೇಡಿ. ಕೋನ್ 6 ಗಂಟೆಗೆ 60 ಡಿಗ್ರಿಯಂತೆ ಏರಿಸಿದರೆ 1222ಕ್ಕೆ ಬಾಗುತ್ತದೆ, 150ರಂತೆ ಏರಿಸಿದರೆ 1243ಕ್ಕೆ. ಪ್ರತಿ ಸಲವೂ ಒಳಗೆ ಕೋನ್ ಇಡಿ.

ಶಿನೊ ಬಗ್ಗೆಯೂ ಕೇಳಿದ್ದೀರಿ. ಅದು 16ನೇ ಶತಮಾನದ ಕೊನೆಯಲ್ಲಿ ಜಪಾನಿನ ಮಿನೊ ಸೀಮೆಯಲ್ಲಿ ಹುಟ್ಟಿದ್ದು, ಹತ್ತಿರ ಹತ್ತಿರ ಬರೀ ಫೆಲ್ಡ್‌ಸ್ಪಾರ್. ಆಮೇಲೆ ಮಾಡುವ ಬಗೆಯೇ ಮರೆತುಹೋಗಿತ್ತು. 1930ರಲ್ಲಿ ಅರಕಾವಾ ತೊಯೊಜೊ ಎಂಬ ಕುಂಬಾರ ಹಳೆಯ ಗೂಡಿನ ಜಾಗದಲ್ಲಿ ಒಂದು ಚೂರು ಹುಡುಕಿದ ಮೇಲೆ, ವರ್ಷಗಟ್ಟಲೆ ಸುಟ್ಟು ಸುಟ್ಟು ಅದನ್ನು ಮರಳಿ ತಂದರು. ನೆಫಲೀನ್ ಸಯನೈಟ್ (ಫೆಲ್ಡ್‌ಸ್ಪಾರ್‌ಗಿಂತ ಬೇಗ ಕರಗುವ ಕಲ್ಲಿನ ಪುಡಿ) ಹಾಕಿದರೆ 1220ಕ್ಕೂ ದಪ್ಪ ಬಿಳಿ ಬರಬಹುದು. ಆದರೆ ಅಂಚಿನ ಆ ಕೆಂಡದ ಕೆಂಪು ಮಣ್ಣು, ಹೊಗೆ, ನಿಧಾನದ ಬೆಂಕಿ ಮೂರೂ ಸೇರಿ ಕೊಡುವಂಥದ್ದು. ಅದಕ್ಕಾಗಿ ಕರೆಂಟ್ ಕಿಲ್ನ್ ಒಳಗೆ ಕಟ್ಟಿಗೆ ಚೂರು, ನುಸಿಗುಳಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಕಾಯಿಲ್ ಬೇಗ ಸಾಯುತ್ತದೆ, ಕಾರ್ಬನ್ ಮೊನಾಕ್ಸೈಡ್ ನಿಮ್ಮ ಕೋಣೆ ತುಂಬುತ್ತದೆ. ಶಿನೊ ಬೇಕೇ ಬೇಕು ಅನ್ನಿಸಿದರೆ ಗ್ಯಾಸ್ ಅಥವಾ ಸೌದೆ ಗೂಡು ಇರುವವರನ್ನು ಹುಡುಕಿ, ಅವರ ಗೂಡಿನಲ್ಲಿ ಒಂದು ಮೂಲೆ ಕೇಳಿ. ನಾನೂ ವರ್ಷಕ್ಕೊಮ್ಮೆ ಹಾಗೇ ನಾಲ್ಕು ಬಟ್ಟಲು ಕೊಟ್ಟು ಬರುತ್ತೇನೆ.