ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಆರ್ಕಿಡ್ ಬೆಳೆಸುವಾಗ ಗ್ರೋ ಲೈಟಿನ ಶಾಖವನ್ನು ಹತೋಟಿಯಲ್ಲಿಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಬೆಂಗಳೂರಿನ ಫ್ಲ್ಯಾಟಿನಲ್ಲಿ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಗಾಜಿನ ಟೆರೇರಿಯಂ ಇದೆ. ಅದರ ಮುಚ್ಚಳದ ಒಳಬದಿಗೆ 40 ವ್ಯಾಟಿನ ಎಲ್‌ಇಡಿ ಗ್ರೋ ಲೈಟ್ ಕೂರಿಸಿದ್ದೀರಿ. ಚಿಕ್ಕ ಫೆಲನಾಪ್ಸಿಸ್, ಲುಡಿಸಿಯಾ ಮತ್ತು ಒಂದು ಮ್ಯಾಸ್ಡಿವಾಲಿಯಾ ಎಂಬ ಆರ್ಕಿಡ್‌ಗಳು ಒಳಗಿವೆ. ಏಪ್ರಿಲ್ ಮಧ್ಯಾಹ್ನ ಪೆಟ್ಟಿಗೆಯೊಳಗಿನ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದೆ. ಮುಚ್ಚಳ ತೆರೆದರೆ ಪಾಚಿ ಒಣಗುತ್ತದೆ, ಮುಚ್ಚಿದರೆ ಮೊಗ್ಗು ಉದುರುತ್ತದೆ. ಫಾಗರ್, ಅಂದರೆ ನೀರನ್ನು ಮಂಜಾಗಿಸಿ ಚೆಲ್ಲುವ ಯಂತ್ರ, ಕೊಂಡರೆ ತಂಪಾದೀತೇ ಎಂದು ಕೇಳಿದ್ದೀರಿ. ಫಾಗರಿಗೆ ಹಣ ಹಾಕಬೇಡಿ ಎಂಬುದು ನನ್ನ ಸಲಹೆ. ಒಳಗೆ ಸೇರಿದ ಶಾಖವನ್ನು ಹೊರದಬ್ಬಲು ಹೆಣಗುವುದಕ್ಕಿಂತ ಅದು ಒಳಗೆ ಸೇರದಂತೆ ನೋಡಿಕೊಳ್ಳುವುದು ಸುಲಭ, ಅಗ್ಗ ಮತ್ತು ನಂಬಿಕೆಗೆ ಅರ್ಹ.

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ, ನಾವೂ ನಂಬುತ್ತೇವೆ. ಬೆಳಕು ಬೀಳುವ ಕಡೆ ಕೈಯಿಟ್ಟರೆ ಸುಡುವುದಿಲ್ಲ ಎನ್ನುವಷ್ಟು ಮಾತ್ರ ಅದರಲ್ಲಿ ನಿಜ. ಒಳ್ಳೆಯ ಬಿಳಿ ಎಲ್‌ಇಡಿ ಕೂಡ ತಾನು ಎಳೆಯುವ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 40ರಿಂದ 50ರಷ್ಟನ್ನು ಬೆಳಕಾಗಿಸುತ್ತದೆ. ಉಳಿದದ್ದು ಬೆನ್ನಿಗಿರುವ, ಬಿಸಿಯನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ಹೀಟ್ ಸಿಂಕಿನಲ್ಲಿಯೂ ದೀಪಕ್ಕೆ ತಕ್ಕ ವಿದ್ಯುತ್ ಒದಗಿಸುವ ಡ್ರೈವರಿನಲ್ಲಿಯೂ ನೇರವಾಗಿ ಶಾಖವಾಗುತ್ತದೆ. ಬೆಳಕಾದ ಪಾಲು ಕೂಡ, ಗಾಜಿನಾಚೆ ಸೋರಿಹೋಗುವುದನ್ನು ಬಿಟ್ಟರೆ, ಎಲೆ, ಪಾಚಿ ಮತ್ತು ಹಿಂಬದಿಯ ಕಪ್ಪು ಹಲಗೆಯ ಮೇಲೆ ಬಿದ್ದು ಕೊನೆಗೆ ಶಾಖವೇ ಆಗುತ್ತದೆ. ದ್ಯುತಿಸಂಶ್ಲೇಷಣೆಗೆ ಒದಗುವ ಅಂಶ ಈ ಲೆಕ್ಕದಲ್ಲಿ ಗಣನೆಗೆ ಬಾರದಷ್ಟು ಚಿಕ್ಕದು. ಆದ್ದರಿಂದ ಮುಚ್ಚಳದೊಳಗೆ 40 ವ್ಯಾಟಿನ ದೀಪ ಇಟ್ಟಿದ್ದೀರಿ ಎಂದರೆ 40 ವ್ಯಾಟಿನ ಹೀಟರ್ ಇಟ್ಟಿದ್ದೀರಿ ಎಂದೇ ಹಿಡಿಯಬೇಕು.

ನಿಮ್ಮ ಪೆಟ್ಟಿಗೆಗೇ ಲೆಕ್ಕ ಹಾಕಿ ನೋಡೋಣ. ಆರು ಮುಖಗಳೂ ಸೇರಿದರೆ 1.8 ಚದರ ಮೀಟರ್ ಗಾಜು. ಎರಡೂ ಬದಿಯಲ್ಲಿ ಗಾಳಿ ನಿಂತಿರುವಾಗ ಒಂಟಿ ಪದರದ ಗಾಜು ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸುಮಾರು 5 ವ್ಯಾಟಿನಷ್ಟು ಶಾಖವನ್ನು ಹೊರದಾಟಿಸುತ್ತದೆ. ಅಂದರೆ ಇಡೀ ಪೆಟ್ಟಿಗೆ ಡಿಗ್ರಿಗೆ 9 ವ್ಯಾಟ್ ಕಳೆದುಕೊಳ್ಳುತ್ತದೆ. 40 ವ್ಯಾಟೂ ಒಳಗೇ ಉಳಿದರೆ ಒಳಗಿನ ಸರಾಸರಿ ಉಷ್ಣಾಂಶ ಕೋಣೆಗಿಂತ ನಾಲ್ಕೂವರೆ ಡಿಗ್ರಿ ಮೇಲೇರಿ ನಿಲ್ಲುತ್ತದೆ. ತಳ ಮೇಜಿಗೆ ತಾಗಿಕೊಂಡಿರುವುದರಿಂದ ಇನ್ನೂ ತುಸು ಹೆಚ್ಚೇ. ಕೋಣೆಯಲ್ಲಿ 33 ಇದ್ದರೆ ಒಳಗೆ 38 ಬರುವುದರಲ್ಲಿ ಆಶ್ಚರ್ಯವಿಲ್ಲ. ಅದೇ ದೀಪವನ್ನು ಗಾಜಿನ ಹೊರಗಿಟ್ಟರೆ ಒಳಬರುವುದು ಬೆಳಕಿನ ಪಾಲು ಮಾತ್ರ, ಗಾಜು ತಡೆಯುವುದನ್ನು ಕಳೆದು ಸುಮಾರು 15 ವ್ಯಾಟ್. ಆಗ ಏರಿಕೆ ಎರಡು ಡಿಗ್ರಿಯೊಳಗೆ ಉಳಿಯುತ್ತದೆ. ಒಂದು ಗಿಡವನ್ನೂ ಕದಲಿಸದೆ ಮೂರು ಡಿಗ್ರಿ ಉಳಿತಾಯವಾಯಿತು.

ಹೊರಗಿಡುವುದೆಂದರೆ ಗಾಜಿನ ಮೇಲೆ ಮಲಗಿಸುವುದಲ್ಲ. ದೀಪಕ್ಕೂ ಮುಚ್ಚಳದ ಗಾಜಿಗೂ ನಡುವೆ ನಾಲ್ಕೈದು ಸೆಂಟಿಮೀಟರ್ ಸಂದು ಬಿಟ್ಟು, ನಾಲ್ಕು ಮೂಲೆಗೆ ಮರದ ತುಂಡಿಟ್ಟು ಅಥವಾ ಮೇಲಿನಿಂದ ತಂತಿಯಲ್ಲಿ ತೂಗುಹಾಕಿ, ಆ ಸಂದಿನಲ್ಲಿ ಅಡ್ಡಲಾಗಿ ಗಾಳಿ ಹಾಯುವಂತೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ನಿಲ್ಲಿಸಿದರೆ ಹೀಟ್ ಸಿಂಕಿನ ಬಿಸಿ ಗಾಜಿಗೆ ಇಳಿಯುವುದಿಲ್ಲ. ಡ್ರೈವರ್ ಬಿಡಿಯಾಗಿದ್ದರೆ ಅದನ್ನು ಪಕ್ಕದ ಗೋಡೆಗೆ ಸಾಗಿಸಿ. ಹೀಗೆ ತಂಪಾಗಿಟ್ಟ ಎಲ್‌ಇಡಿ ಹೆಚ್ಚು ಕಾಲ ಬಾಳುತ್ತದೆ ಎಂಬುದು ಕೊಸರು ಲಾಭ.

ಆಮೇಲೆ, ನಿಮಗೆ 40 ವ್ಯಾಟ್ ಬೇಕೇ ಎಂದು ಕೇಳಿಕೊಳ್ಳಿ. ಬೆಳಕಿನ ತೀವ್ರತೆಯನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ; ಫೆಲನಾಪ್ಸಿಸ್‌ಗೆ 10,000ರಿಂದ 15,000 ಲಕ್ಸ್ ಸಾಕು. ಕಾಡಿನ ನೆಲದಲ್ಲಿ, ನೆರಳಿನಲ್ಲಿ ಬೆಳೆಯುವ ಲುಡಿಸಿಯಾ ಅದರ ಅರ್ಧಕ್ಕಿಂತಲೂ ಕಡಿಮೆಯಲ್ಲಿ ಸುಖವಾಗಿರುತ್ತದೆ. ಫೋನಿನ ಲಕ್ಸ್ ಆ್ಯಪ್ ಪ್ರಯೋಗಾಲಯದ ಉಪಕರಣವಲ್ಲ, ಆದರೆ ಎಲೆಯ ಮಟ್ಟದಲ್ಲಿ ಫೋನನ್ನು ಅಂಗಾತ ಹಿಡಿದು ನೋಡಿದರೆ 8,000ವೋ 25,000ವೋ ಎಂಬ ಅಂದಾಜು ಸಿಕ್ಕೇ ಸಿಗುತ್ತದೆ. ಹೆಚ್ಚಿದ್ದರೆ ದೀಪವನ್ನು ಎತ್ತರಿಸಬೇಡಿ, ಡಿಮ್ಮರಿನಿಂದ ತಗ್ಗಿಸಿ. ಎತ್ತರಿಸಿದರೆ ಚೆಲ್ಲಿಹೋಗುವ ಬೆಳಕಿಗೂ ವಿದ್ಯುತ್ ವ್ಯಯವಾಗಿ, ಆ ಶಾಖವೂ ನಿಮ್ಮ ಕೋಣೆಗೇ ಬರುತ್ತದೆ. ಇನ್ನು ಕಿಟಕಿಯ ಬಿಸಿಲು ಪೆಟ್ಟಿಗೆಗೆ ತಾಗುತ್ತಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ನೇರ ಬಿಸಿಲು ಚದರ ಮೀಟರಿಗೆ 800 ವ್ಯಾಟಿಗೂ ಮಿಕ್ಕಿ ಸುರಿಯಬಲ್ಲದು, ಅರ್ಧ ಗಂಟೆ ಒಂದು ಮಗ್ಗುಲಿಗೆ ಬಿದ್ದರೂ ನಿಮ್ಮ ದೀಪ ಅದರ ಮುಂದೆ ಏನೂ ಅಲ್ಲ.

ಟೈಮರಿನ ವಿಷಯದಲ್ಲಿ ಅನೇಕರು ಕೊಡುವ ಸಲಹೆ, ಬೇಸಿಗೆಯಲ್ಲಿ ದೀಪವನ್ನು ರಾತ್ರಿಯಿಡೀ ಉರಿಸಿ ಹಗಲು ಆರಿಸಿ ಎಂಬುದು. ಮಧ್ಯಾಹ್ನದ ಶಿಖರ ಇದರಿಂದ ತಗ್ಗುವುದು ನಿಜವಾದರೂ ನನಗೆ ಈ ಉಪಾಯ ಒಪ್ಪಿಗೆಯಿಲ್ಲ. ಫೆಲನಾಪ್ಸಿಸ್ ತನ್ನ ಎಲೆಯ ರಂಧ್ರಗಳನ್ನು ಹೆಚ್ಚಾಗಿ ಕತ್ತಲಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುವ ಜಾತಿ; ಅದರ ಕತ್ತಲು 33 ಡಿಗ್ರಿಯಲ್ಲಿಯೂ ಅದರ ಬೆಳಕು 25 ಡಿಗ್ರಿಯಲ್ಲಿಯೂ ಬಂದರೆ ಗಿಡದ ದಿನಚರಿಯೇ ತಲೆಕೆಳಗಾಗುತ್ತದೆ. ನಾನು ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹೊತ್ತಿಸಿ ಮಧ್ಯಾಹ್ನ ಮೂರಕ್ಕೆ ಆರಿಸುತ್ತೇನೆ. ಹನ್ನೊಂದು ಗಂಟೆ ಬೆಳಕು ಸಿಗುತ್ತದೆ, ಅದರಲ್ಲಿ ಅರ್ಧದಷ್ಟು ತಂಪು ಹೊತ್ತಿನಲ್ಲಿ. ಕೋಣೆ ಅತ್ಯಂತ ಕಾಯುವ ಮೂರು, ನಾಲ್ಕು ಗಂಟೆಯ ಹೊತ್ತಿಗೆ ದೀಪದ ಪಾಲು ಇರುವುದಿಲ್ಲ. ಸಂಜೆಯಿಂದ ಪೆಟ್ಟಿಗೆ ನಿಧಾನವಾಗಿ ರಾತ್ರಿಯ 22, 23ಕ್ಕೆ ಇಳಿಯುತ್ತದೆ.

ಅಳತೆಯ ಬಗ್ಗೆ ಎರಡು ಮಾತು. ಥರ್ಮಾಮೀಟರಿನ ಪ್ರೋಬ್ ಮೇಲೆ ದೀಪದ ಬೆಳಕು ನೇರವಾಗಿ ಬಿದ್ದರೆ ಅದು ಗಾಳಿಯ ಉಷ್ಣಾಂಶವನ್ನಲ್ಲ, ತನ್ನದೇ ಕಪ್ಪು ಪ್ಲಾಸ್ಟಿಕ್ಕಿನ ಉಷ್ಣಾಂಶವನ್ನು ತೋರಿಸುತ್ತದೆ. ಮೇಲೊಂದು ಬಿಳಿ ಕಾಗದದ ಮರೆ ಕಟ್ಟಿ. ಎಲೆಯ ಉಷ್ಣಾಂಶ ಅಳೆಯಲು ಇನ್ಫ್ರಾರೆಡ್ ಥರ್ಮಾಮೀಟರ್ ಒಳ್ಳೆಯದು, ಆದರೆ ಗಾಜಿನ ಹೊರಗಿನಿಂದ ಗುರಿಯಿಟ್ಟರೆ ಬರುವುದು ಗಾಜಿನ ಉಷ್ಣಾಂಶ. ಬಾಗಿಲು ತೆರೆದು ಕೂಡಲೇ ನೋಡಬೇಕು. ಹಾಗೆ ನೋಡಿದರೆ ಗಾಳಿ ನಿಂತ ಪೆಟ್ಟಿಗೆಯಲ್ಲಿ ದೀಪಕ್ಕೆ ಹತ್ತಿರದ ಎಲೆ ಸುತ್ತಲಿನ ಗಾಳಿಗಿಂತ ಬಿಸಿಯಾಗಿರುವುದು ಕಾಣುತ್ತದೆ. ತೇವದಿಂದ ತುಂಬಿದ ಗಾಳಿಯಲ್ಲಿ ಎಲೆಯಿಂದ ನೀರು ಆವಿಯಾಗುವುದು ಕಡಿಮೆ, ಆದ್ದರಿಂದ ಅದು ತನ್ನನ್ನು ತಾನು ತಣಿಸಿಕೊಳ್ಳಲಾರದು. ಒಳಗೆ ಒಂದು ಪುಟ್ಟ ಫ್ಯಾನನ್ನು 9 ವೋಲ್ಟ್ ಅಡಾಪ್ಟರಿಗೆ ಕಟ್ಟಿ ನಿಧಾನವಾಗಿ ಓಡಿಸಿ, ಎಲೆಗಳಿಗೆ ನೇರವಾಗಿ ಬೀಸದೆ ಗಾಜಿನ ಕಡೆಗೆ ತಿರುಗಿಸಿಡಿ. ಅದು ಪೆಟ್ಟಿಗೆಯನ್ನು ತಂಪು ಮಾಡುವುದಿಲ್ಲ, ಅದರ ಒಂದೆರಡು ವ್ಯಾಟ್ ಕೂಡ ಶಾಖವೇ. ಆದರೆ ಮೇಲುಗಡೆ ಬಿಸಿ, ಕೆಳಗಡೆ ತಂಪು ಎಂಬ ಪದರಗಳನ್ನು ಕಲಸಿ, ಎಲೆಯ ಮೈಗೆ ಅಂಟಿದ ಬಿಸಿ ಗಾಳಿಯನ್ನು ಸರಿಸುತ್ತದೆ.

ಈಗ ಫಾಗರ್. ನೀರು ಆವಿಯಾಗುವಾಗ ಮಾತ್ರ ತಂಪು ಹುಟ್ಟುತ್ತದೆ. ಮುಚ್ಚಿದ ಪೆಟ್ಟಿಗೆಯ ಗಾಳಿ ಆಗಲೇ ಶೇಕಡಾ 90ರಷ್ಟು ತೇವವಾಗಿರುವಾಗ ಮಂಜಿನ ಹನಿಗಳು ಆವಿಯಾಗದೆ ಎಲೆಗಳ ಮೇಲೆ ಕೂರುತ್ತವೆ, ಅಷ್ಟೆ. ಮೇಲಾಗಿ 24 ವೋಲ್ಟಿನ ಅಲ್ಟ್ರಾಸಾನಿಕ್ ಫಾಗರ್ ಸುಮಾರು 20 ವ್ಯಾಟ್ ಎಳೆಯುತ್ತದೆ. ಅದನ್ನು ಪೆಟ್ಟಿಗೆಯೊಳಗಿನ ನೀರಿನಲ್ಲಿ ಮುಳುಗಿಸಿದರೆ ಆ 20 ವ್ಯಾಟೂ ಒಳಗೇ ಸೇರುತ್ತದೆ. ದೀಪವನ್ನು ಹೊರಗೆ ಹಾಕಿ ಗಳಿಸಿದ್ದನ್ನು ಫಾಗರ್ ಒಳಗೆ ಹಾಕಿ ಕಳೆದಂತೆ.

ಆವಿಯ ತಂಪು ಬೇಕೆಂದರೆ ಒಣ ಗಾಳಿ ಒಳಬಂದು ತೇವ ಗಾಳಿ ಹೊರಹೋಗಬೇಕು. ನಮ್ಮ ಹಿರಿಯರು ಬೇಸಿಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದು ಇದೇ ತತ್ತ್ವದ ಮೇಲೆ. ಪೆಟ್ಟಿಗೆಯ ಮುಂಬದಿಯ ಕೆಳಗೆ ಎರಡು ಸೆಂಟಿಮೀಟರಿನ ಸೀಳು, ಹಿಂಬದಿಯ ಮೇಲೆ ಅಷ್ಟೇ ಅಗಲದ ಜಾಲರಿ ಪಟ್ಟಿ ಇಟ್ಟರೆ ಬಿಸಿ ಗಾಳಿ ತಾನಾಗಿ ಮೇಲಿನಿಂದ ಹೊರಟು ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಕೆಳಗಿನ ಸೀಳಿನ ಒಳಗೆ ಒದ್ದೆ ಸ್ಫ್ಯಾಗ್ನಮ್ ಪಾಚಿಯ ಸಾಲು ಇದ್ದರೆ ಬರುವ ಗಾಳಿ ಅದನ್ನು ಹಾಯ್ದೇ ಬರಬೇಕು. ಗಾಳಿ ಹರಿಯುತ್ತಿದೆಯೇ ಎಂದು ನೋಡಲು ಊದುಬತ್ತಿ ಹಿಡಿಯಬೇಡಿ, ಹೊಗೆಯಲ್ಲಿರುವ ಎಥಿಲೀನ್ ಆರ್ಕಿಡ್ ಮೊಗ್ಗುಗಳಿಗೆ ಆಗದು. ಹತ್ತಿಯ ಒಂದು ಎಳೆಯನ್ನು ಜಾಲರಿಯ ಬಳಿ ತೂಗಿಸಿದರೆ ಅದು ಓಲಾಡುವುದರಲ್ಲೇ ಗೊತ್ತಾಗುತ್ತದೆ. ಹೀಗೆ ಕಾಲು ಲೀಟರ್ ನೀರು ಆವಿಯಾಗಿ ಹೊರಹೋದರೆ ನಿಮ್ಮ ದೀಪದಿಂದ ಹನ್ನೊಂದು ಗಂಟೆಯಲ್ಲಿ ಒಳಬಂದ 15 ವ್ಯಾಟಿನ ಶಾಖವೆಲ್ಲ ಅದರ ಜೊತೆಗೇ ಹೋಗುತ್ತದೆ. ಆ ನೀರನ್ನು ಪ್ರತಿದಿನ ನೀವು ಮರಳಿ ತುಂಬಬೇಕು. ಮುಚ್ಚಳ ತೆರೆದಾಗ ಪಾಚಿ ಒಣಗಿದ್ದಕ್ಕೆ ಕಾರಣ ಗಾಳಿಯಲ್ಲ, ಹೋದ ನೀರು ಮರಳಿ ಬಾರದಿರುವುದು. ಬೆಂಗಳೂರಿನ ಒಣ ಬೇಸಿಗೆಗೆ ಈ ಉಪಾಯ ಹೇಳಿ ಮಾಡಿಸಿದ್ದು: 34 ಡಿಗ್ರಿ, ಶೇಕಡಾ 30 ಆರ್ದ್ರತೆಯ ಗಾಳಿಯನ್ನು ಆವಿಯಿಂದ ಹೆಚ್ಚೆಂದರೆ 21ರ ಸುಮಾರಿಗೆ ಇಳಿಸಬಹುದು, ನಿಮ್ಮ ಪೆಟ್ಟಿಗೆಯಲ್ಲಿ ಅದರ ಒಂದು ಭಾಗ ಸಿಕ್ಕರೂ ಸಾಕು. ಮಂಗಳೂರಿನವರು ಇದನ್ನು ಓದುತ್ತಿದ್ದರೆ ನಿರಾಶರಾಗಬೇಕಾಗುತ್ತದೆ. 33 ಡಿಗ್ರಿ, ಶೇಕಡಾ 70ರಲ್ಲಿ ಆ ಮಿತಿ 28ಕ್ಕೇ ನಿಲ್ಲುತ್ತದೆ.

ದೀಪ ಹೊತ್ತಿದೊಡನೆ ಆರ್ದ್ರತೆಯ ಅಂಕಿ ಕುಸಿಯುವುದನ್ನು ನೋಡಿ ಗಾಬರಿಯಾಗಬೇಡಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದರೆ 30 ಡಿಗ್ರಿಯಲ್ಲಿ 30 ಗ್ರಾಂ ಹಿಡಿಯಬಲ್ಲದು. ಅಷ್ಟೇ ಆವಿ ಇದ್ದರೂ ಅಂಕಿ 100ರಿಂದ 57ಕ್ಕೆ ಬೀಳುತ್ತದೆ. ಹಗಲು 60, 70 ಇದ್ದು ರಾತ್ರಿ 90 ದಾಟುವ ಪೆಟ್ಟಿಗೆ ಸದಾ 95ರಲ್ಲಿ ನಿಂತ ಪೆಟ್ಟಿಗೆಗಿಂತ ಆರೋಗ್ಯಕರ, ಏಕೆಂದರೆ ಬಿಸಿಯೂ ತೇವವೂ ನಿಂತ ಗಾಳಿಯೂ ಕೂಡಿದ ಕಡೆ ಕೊಳೆರೋಗ ಬೇಗ ಬರುತ್ತದೆ.

ಮ್ಯಾಸ್ಡಿವಾಲಿಯಾದ ಮಾತು ಬೇರೆ. ಅದರ ಹೆಚ್ಚಿನ ಜಾತಿಗಳು ಆಂಡಿಸ್ ಪರ್ವತದ ಮಂಜಿನ ಕಾಡುಗಳವು, ರಾತ್ರಿ 10ರಿಂದ 14 ಡಿಗ್ರಿ ಬಯಸುವಂಥವು. 19ನೇ ಶತಮಾನದ ಇಂಗ್ಲೆಂಡಿನ ಶ್ರೀಮಂತರು ಉಷ್ಣವಲಯದ ಗಿಡವೆಂದರೆ ಬಿಸಿ ಬೇಕೆಂದು ನಂಬಿ ಇಂಥ ಆರ್ಕಿಡ್‌ಗಳನ್ನು ಕಾದ ಗಾಜಿನ ಮನೆಗಳಲ್ಲಿ ಲೆಕ್ಕವಿಲ್ಲದಷ್ಟು ಕೊಂದರು. ಗಾಳಿಯಾಡಿಸುವುದರಿಂದಾಗಲೀ ದೀಪ ತಗ್ಗಿಸುವುದರಿಂದಾಗಲೀ ಏಪ್ರಿಲ್ ರಾತ್ರಿಯ 22 ಡಿಗ್ರಿಯನ್ನು 12 ಮಾಡಲು ಬರುವುದಿಲ್ಲ. ಅದಕ್ಕೆ ಕಂಪ್ರೆಸರ್ ಇರುವ ಪೆಟ್ಟಿಗೆಯೇ ಬೇಕು. ವಿದ್ಯುತ್ ಹರಿದಾಗ ಒಂದು ಬದಿ ತಂಪಾಗುವ ಪೆಲ್ಟಿಯರ್ ಬಿಲ್ಲೆಗಳು ಅಗ್ಗ, ಆದರೆ ಅವು ತೆಗೆಯುವ ಶಾಖಕ್ಕೆ ಹೋಲಿಸಿದರೆ ಎಳೆಯುವ ವಿದ್ಯುತ್ ಬಹಳ. ಮಡಿಕೇರಿಯಲ್ಲೋ ಊಟಿಯಲ್ಲೋ ಗಿಡಪ್ರಿಯ ನೆಂಟರಿದ್ದರೆ ಅದನ್ನು ಅವರಿಗೆ ಕೊಟ್ಟುಬಿಡಿ. ಆ ಜಾಗಕ್ಕೆ ತೈವಾನಿನ ಪುಟ್ಟ ಆರ್ಕಿಡ್ ಹರಾಯೆಲ್ಲಾ ರೆಟ್ರೊಕ್ಯಾಲಾ ಅಥವಾ ಚಿಕ್ಕ ಬಲ್ಬೊಫಿಲಂ ಆರ್ಕಿಡ್ ಹೊಂದುತ್ತದೆ. ಮಲೆನಾಡಿನ ಸೀತಾಳೆಯನ್ನು ತಂದು ಹಾಕುವ ಆಸೆ ಬೇಡ. ಕಾಡಿನಿಂದ ಕೀಳುವುದು ತಪ್ಪು ಎಂಬುದು ಒಂದಾದರೆ, ಮರದ ಮೇಲೆ ಗಾಳಿಗೆ ಬೇರು ಚೆಲ್ಲಿ ಬೇಸಿಗೆಯಲ್ಲಿ ಒಣಗಿ ನಿಲ್ಲುವ ಆ ಗಿಡಕ್ಕೆ ಗಾಜಿನ ಪೆಟ್ಟಿಗೆ ಒಗ್ಗುವುದೂ ಇಲ್ಲ.

ದೀಪ ಹೊರಗೆ ಬಂದ ಮೇಲೆ 230 ವೋಲ್ಟಿನ ಯಾವ ತಂತಿಯೂ ತೇವದೊಳಗೆ ಇರುವುದಿಲ್ಲ. ಆದರೂ ಆ ಪ್ಲಗ್ಗಿನ ಸಾಲಿಗೆ ವಿದ್ಯುತ್ ಸೋರಿದೊಡನೆ ಸರಬರಾಜು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇದೆಯೇ ಎಂದು ಎಲೆಕ್ಟ್ರೀಷಿಯನ್ನರಿಂದ ನೋಡಿಸಿ, ಒಳಗಿನ ಫ್ಯಾನಿನ ತಂತಿ ಪ್ಲಗ್ಗಿಗೆ ಏರುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿ ಬರುವಂತೆ ಬಿಡಿ, ಹರಿದ ಹನಿ ಅಲ್ಲೇ ತೊಟ್ಟಿಕ್ಕಲಿ. ಎಲ್ಲವನ್ನೂ ಒಂದೇ ದಿನ ಬದಲಾಯಿಸದೆ, ಮೊದಲು ದೀಪವನ್ನು ಸರಿಸಿ ನಾಲ್ಕು ದಿನ ಕನಿಷ್ಠ, ಗರಿಷ್ಠ ಅಂಕಿಗಳನ್ನು ಬರೆದಿಡಿ. ಪೆಟ್ಟಿಗೆಯ ಮೇಲ್ಭಾಗದ, ತಳದ ಮತ್ತು ಕೋಣೆಯ ಉಷ್ಣಾಂಶಗಳನ್ನು ಬೇರೆಬೇರೆಯಾಗಿ ತಿಳಿಸಿದರೆ, ಸೀಳು ಎಷ್ಟು ಅಗಲ ಬೇಕು ಮತ್ತು ಒಳಗಿನ ಫ್ಯಾನ್ ಎಲ್ಲಿ ಕೂರಬೇಕು ಎಂಬುದನ್ನು ಇಲ್ಲಿಯೇ ಮುಂದುವರಿಸಿ ಬರೆಯುತ್ತೇನೆ.